ಹೋಟೆಲಿನಂಥ ಕೆಂಪು ದೋಸೆ ಮನೆಯಲ್ಲಿ

ಪ್ರಶ್ನೆ: ನಮ್ಮ ಮನೆಯ ದೋಸೆ ಬೆಳ್ಳಗೆ, ಮೆತ್ತಗೆ ಬರುತ್ತದೆ. ಹುಯ್ಯುವಾಗ ಹಿಟ್ಟು ಸೌಟಿನ ಜೊತೆಗೇ ಎದ್ದು ಬರುತ್ತದೆ. ಹೋಟೆಲಿನ ಮಸಾಲೆ ದೋಸೆಯ ಹಾಗೆ ಗರಿಗರಿಯಾಗಲು ಏನು ಮಾಡಬೇಕು?

ಉತ್ತರ: ಬಣ್ಣ ಬರುವುದು ಕಡಲೆಬೇಳೆ, ಅವಲಕ್ಕಿಯಿಂದ. 3 ಲೋಟ ದೋಸೆ ಅಕ್ಕಿಗೆ ಮುಕ್ಕಾಲು ಲೋಟ ಉದ್ದಿನಬೇಳೆ, 2 ದೊಡ್ಡ ಚಮಚ ಕಡಲೆಬೇಳೆ, 1 ಚಿಕ್ಕ ಚಮಚ ಮೆಂತ್ಯ ಹಾಕಿ 5 ಗಂಟೆ ನೆನೆಸಿ. ಅರ್ಧ ಲೋಟ ಅವಲಕ್ಕಿಯನ್ನು ರುಬ್ಬುವ ಮುಂಚೆ ನೆನೆಸಿದರೆ ಸಾಕು. ಉದ್ದು ಹೆಚ್ಚಾದರೆ ದೋಸೆ ಮೆತ್ತಗಾಗುತ್ತದೆ. ಬಹಳ ಮನೆಗಳಲ್ಲಿ ಆಗುವ ತಪ್ಪು ಇದೇ. ಹಿಟ್ಟು ರಾತ್ರಿಯಿಡೀ ಹುಳಿ ಬರಲಿ. ಹುಯ್ಯುವ ಮುಂಚೆ ಚಿಟಿಕೆ ಸಕ್ಕರೆ ಸೇರಿಸಿ.

ಹಿಟ್ಟು ಸೌಟಿಗೆ ಅಂಟುವುದಕ್ಕೆ ಕಾರಣ ಅತಿಯಾಗಿ ಕಾದ ಕಾವಲಿ. ಹಿಟ್ಟು ಹರಡುವ ಮೊದಲೇ ಬೆಂದುಬಿಡುತ್ತದೆ. ಪ್ರತಿ ದೋಸೆಗೂ ಮುಂಚೆ ನೀರು ಚಿಮುಕಿಸಿ. ಚುಂಯ್ ಎಂದು ಆರಿದ ಮೇಲೆ ಬಟ್ಟೆಯಿಂದ ಒರೆಸಿ, ಉರಿ ಸಣ್ಣ ಮಾಡಿ ಹುಯ್ಯಿರಿ. ನಡುವಿನಿಂದ ಹೊರಗೆ, ಸೌಟನ್ನು ಒತ್ತದೆ ತಿರುಗಿಸಿ. ಆಮೇಲೆ ಉರಿ ಏರಿಸಿ. ಮೇಲ್ಮೈ ಒಣಗಿದ ಮೇಲೆಯೇ ತುಪ್ಪ ಅಥವಾ ಬೆಣ್ಣೆ. ಮಸಾಲೆ ದೋಸೆ ಮಗುಚುವಂತಿಲ್ಲ, ಮುಚ್ಚಳವೂ ಬೇಡ: ಆವಿ ನಿಂತರೆ ಗರಿ ಹೋಯಿತು. ಫ್ರಿಜ್ಜಿನ ಹಿಟ್ಟನ್ನು ಅರ್ಧ ಗಂಟೆ ಹೊರಗಿಟ್ಟು ಬಳಸಿ.

ದಾವಣಗೆರೆ ಬೆಣ್ಣೆ ದೋಸೆ ಬೇಕಿದ್ದರೆ ಅವಲಕ್ಕಿಯ ಬದಲು ಮಂಡಕ್ಕಿ ನೆನೆಸಿ ರುಬ್ಬಿ.