ಅಲಾರಂ ನಿಲ್ಲಿಸಿದರೆ ಮದ್ದು ತೆಗೆದುಕೊಂಡಂತೆಯೇ?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಅವನಿಗೆ ಚಿಕ್ಕಂದಿನಿಂದಲೂ ಅಸ್ತಮಾ ಇದೆ. ಬೆಳಿಗ್ಗೆ ಮತ್ತು ರಾತ್ರಿ ಇನ್‌ಹೇಲರ್ ತೆಗೆದುಕೊಳ್ಳಲೆಂದು ಅವನ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇನೆ. ಅದು ಹೊಡೆದ ಕೂಡಲೇ ನಿಲ್ಲಿಸಿ, ‘ಆಯ್ತಮ್ಮಾ’ ಎನ್ನುತ್ತಾನೆ. ಆದರೂ ರಾತ್ರಿಯ ಕೆಮ್ಮು ನಿಂತಿಲ್ಲ. ಇಂಥ ಮಕ್ಕಳಿಗೆ ಆ್ಯಪ್‌ಗಳಿಂದ ಪ್ರಯೋಜನವುಂಟೇ?

ಉತ್ತರ: ಉಂಟು. ಆದರೆ ಅಲಾರಂ ಹೊತ್ತನ್ನಷ್ಟೇ ತಿಳಿಸುತ್ತದೆ, ಮುಂದೇನು ಮಾಡಬೇಕೆಂದು ಹೇಳಿಕೊಡುವುದಿಲ್ಲ. ನಿಮ್ಮ ಮಗ ಅದನ್ನು ನಿಲ್ಲಿಸುವುದೇ ತನ್ನ ಕೆಲಸವೆಂದು ತಿಳಿದಿರಬಹುದು. ಆ ಕೆಲಸವನ್ನು ಚೊಕ್ಕವಾಗಿಯೇ ಮಾಡುತ್ತಿದ್ದಾನೆ!

ಮೊದಲು ಅವನು ಇನ್‌ಹೇಲರ್ ಬಳಸುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಒತ್ತುವುದು ಮತ್ತು ಉಸಿರೆಳೆಯುವುದು ಒಟ್ಟಿಗೇ ಆಗಬೇಕಾದ ಇನ್‌ಹೇಲರ್‌ನಲ್ಲಿ ಹೊಂದಾಣಿಕೆ ತಪ್ಪಿದರೆ, ಮದ್ದಿನ ಬಹುಪಾಲು ಬಾಯಿ, ಗಂಟಲಲ್ಲೇ ಉಳಿದುಬಿಡುತ್ತದೆ. ಸ್ಪೇಸರ್ (ಇನ್‌ಹೇಲರ್‌ಗೂ ಬಾಯಿಗೂ ನಡುವೆ ಮದ್ದನ್ನು ಹಿಡಿದಿಡುವ ಕೊಳವೆ) ಜೋಡಿಸಿದರೆ, ಒಂದು ಪಫ್ ಒತ್ತಿ 5–6 ಸಲ ಸಹಜವಾಗಿ ಉಸಿರಾಡಿದರೂ ಸಾಕಾಗುತ್ತದೆ. ಈ ಕ್ರಮ ರೂಢಿಯಾದ ಮೇಲೆ ಅವನದೇ ವಿಡಿಯೋ ತೆಗೆದು, ಅಲಾರಂ ಹೊಡೆದಾಗ ಅದನ್ನು ಹಾಕಿಕೊಂಡು ನೋಡುತ್ತಾ ಮಾಡುವ ಅಭ್ಯಾಸ ಮಾಡಿಸಿ: ಅಲುಗಾಡಿಸುವುದು, ಸ್ಪೇಸರ್‌ಗೆ ಸೇರಿಸುವುದು, ಒತ್ತುವುದು, ಉಸಿರಾಡುವುದು, ಕೊನೆಗೆ ಬಾಯಿ ಮುಕ್ಕಳಿಸಿ ಉಗುಳುವುದು. ಯಾರೋ ಅಪರಿಚಿತರು ಮಾಡಿ ತೋರಿಸುವುದಕ್ಕಿಂತ ತನ್ನದೇ ಕೈ, ತನ್ನದೇ ಮುಖ ಕಂಡರೆ ಅನುಸರಿಸುವುದು ಅವನಿಗೆ ಸುಲಭವೆಂದು ನನ್ನ ಅನಿಸಿಕೆ. ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್‌ನಿಂದ ತಕ್ಷಣ ಹಾಯೆನಿಸುವುದಿಲ್ಲವಾದ್ದರಿಂದ, ಅದರ ಮೇಲೆ ಅವನಿಗೆ ಆಸಕ್ತಿ ಹುಟ್ಟದಿರುವುದೂ ಸಹಜವೇ.

ಇನ್‌ಹೇಲರ್‌ಗೆ ಜೋಡಿಸುವ ಸೆನ್ಸರ್‌ಗಳು ಒತ್ತಿದ ಹೊತ್ತನ್ನು ಮೊಬೈಲಿಗೆ ಕಳಿಸುತ್ತವೆ. ಆದರೆ ಹಲವು ಸೆನ್ಸರ್‌ಗಳಲ್ಲಿ ಗಾಳಿಗೆ ಒತ್ತಿದರೂ ಲೆಕ್ಕಕ್ಕೆ ಬರುತ್ತದೆ. ಅವನ್ನು ಬಳಸುವುದಾದರೆ, ಆ ಲೆಕ್ಕ ನಿಮಗೂ ಕಾಣುತ್ತದೆಂದು ಮಗನಿಗೆ ತಿಳಿಸಿ ಒಪ್ಪಿಸಿಕೊಳ್ಳಿ. ಅವನಿಗೆ 17 ವರ್ಷ, ಗುಟ್ಟಿನ ಕಾವಲು ಬೇಡ.

ಆ್ಯಪ್ ಆರಿಸುವಾಗ ಉದ್ದುದ್ದ ಪ್ರಶ್ನೆಗಳಿರುವುದನ್ನು ಬಿಟ್ಟು, ಉಸಿರಾಟ ಹೇಗಿದೆಯೆಂದು ತಿಳಿಸಲು ಹಸಿರು, ಹಳದಿ, ಕೆಂಪು ಮುಖಗಳಲ್ಲಿ ಒಂದನ್ನು ಮುಟ್ಟಿದರೆ ಸಾಕೆನ್ನುವಂಥದ್ದನ್ನು ನೋಡಿ. ‘ಎದೆ ಬಿಗಿಯುತ್ತಿದೆ’ ಎನ್ನಲು ಬಾರದವರು ಮೆಟ್ಟಿಲ ಬಳಿ ನಿಂತುಬಿಡುತ್ತಾರೆ, ಇಲ್ಲವೇ ಸಿಡಿಮಿಡಿಗೊಳ್ಳುತ್ತಾರೆ. ಮನೆಯವರು ಅದನ್ನು ಹಟವೆಂದುಕೊಳ್ಳುತ್ತಾರೆ. ಅಂಥ ದಿನಗಳನ್ನೂ ರಾತ್ರಿಯ ಕೆಮ್ಮನ್ನೂ ನೀವೇ ಗುರುತು ಹಾಕಿಟ್ಟರೆ, ಮದ್ದನ್ನು ಬದಲಿಸಬೇಕೇ ಎಂದು ವೈದ್ಯರು ನಿರ್ಧರಿಸಲು ಅನುಕೂಲವಾಗುತ್ತದೆ.

ಮಾತಾಡಲಾಗದಷ್ಟು ಏದುಸಿರು ಬಂದರೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತಿದ್ದರೆ ಅಥವಾ ತುಟಿ ನೀಲಿಯಾದರೆ ಆ್ಯಪ್ ತೆರೆಯುತ್ತಾ ಕೂರಬೇಡಿ. ತುರ್ತಿಗೆಂದು ವೈದ್ಯರು ಬರೆದುಕೊಟ್ಟಿರುವ ಇನ್‌ಹೇಲರನ್ನು ಕೊಡುತ್ತಲೇ ಆಸ್ಪತ್ರೆಗೆ ಹೊರಡಿ.