ಹೇಗೆ ಅಂತ ಹೇಳದೆ ಮುಂದೆ ಹೋಗಬೇಡಿ

ನಮಸ್ಕಾರ.

ಎಎಂಪಿಕೆ ಕಿಣ್ವದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಒಳ್ಳೆಯ ವಿಷಯ ಹಿಡಿದಿದ್ದೀರಿ, ಭಾಷೆಯೂ ಸರಾಗವಾಗಿದೆ. ಆದರೆ ಎರಡನೇ ಪ್ಯಾರಾದ ಮೂರು ವಾಕ್ಯಗಳು ಓದಿದಾಗಿನಿಂದ ನನ್ನನ್ನು ಕಾಡುತ್ತಿವೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

“ಎಎಂಪಿಕೆ ಜೀವಕೋಶಕ್ಕೆ ಶಕ್ತಿ ತುಂಬುತ್ತದೆ.”

ಇಲ್ಲ, ತುಂಬುವುದಿಲ್ಲ. ಕೋಶ ಶಕ್ತಿಗಾಗಿ ಖರ್ಚು ಮಾಡುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನಿಗೆ ಅಂಟಿಸುವುದು ಅದರ ಕೆಲಸ. ಅಂದರೆ ಅದೂ ಎಟಿಪಿ ಖರ್ಚು ಮಾಡುವ ಕಿಣ್ವವೇ! ಹಾಗೆ ಅಂಟಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದೇ ಒಂದು ಉದಾಹರಣೆ ಕೊಟ್ಟಿದ್ದರೆ ಸಾಕಿತ್ತು. ಎಸಿಸಿ ಎಂಬ ಇನ್ನೊಂದು ಕಿಣ್ವ ಮಲೋನೈಲ್-ಕೋಎ ಎಂಬ ಅಣುವನ್ನು ತಯಾರಿಸುತ್ತದೆ. ಕೊಬ್ಬು ಕಟ್ಟಲು ಆ ಅಣು ಬೇಕು. ಅದು ಜಾಸ್ತಿ ಇರುವಷ್ಟು ಹೊತ್ತು ಕೊಬ್ಬಿನಾಮ್ಲ ಮೈಟೊಕಾಂಡ್ರಿಯದೊಳಗೆ ಹೋಗಿ ಉರಿಯಲು ತಡೆ. ಎಎಂಪಿಕೆ ಎಸಿಸಿಗೆ ಫಾಸ್ಫೇಟ್ ಅಂಟಿಸಿದರೆ ಎಸಿಸಿಯ ಕೆಲಸ ಕುಗ್ಗುತ್ತದೆ, ಕೊಬ್ಬು ಕಟ್ಟುವುದು ತಗ್ಗುತ್ತದೆ, ಉರಿಸುವುದು ಹೆಚ್ಚುತ್ತದೆ.

“ಶಕ್ತಿ ಕಡಿಮೆಯಾದರೆ ಮನೆಯ ಯಜಮಾನನಂತೆ ಅದಕ್ಕೆ ಗೊತ್ತಾಗಿಬಿಡುತ್ತದೆ.”

ಹೇಗೆ ಗೊತ್ತಾಗುತ್ತದೆ? ಇಡೀ ವಿಷಯದ ಸೊಗಸೇ ಅಲ್ಲಿದೆ, ನೀವು ಅದನ್ನು ಯಜಮಾನನ ಹಿಂದೆ ಬಚ್ಚಿಟ್ಟಿದ್ದೀರಿ. ಎಟಿಪಿ ಖರ್ಚಾದರೆ ಒಂದು ಫಾಸ್ಫೇಟ್ ಕಳೆದುಕೊಂಡ ಎಡಿಪಿ ಉಳಿಯುತ್ತದೆ. ಎರಡು ಎಡಿಪಿ ಸೇರಿ ಮತ್ತೆ ಒಂದು ಎಟಿಪಿ ಮತ್ತು ಒಂದೇ ಫಾಸ್ಫೇಟ್ ಉಳಿದ ಒಂದು ಎಎಂಪಿ ಆಗುತ್ತವೆ. ಕೋಶದಲ್ಲಿ ಎಟಿಪಿ ಬೇಕಾದಷ್ಟಿರುತ್ತದೆ, ಎಎಂಪಿ ತೀರಾ ಕಡಿಮೆ. ಹಾಗಾಗಿ ಎಟಿಪಿ ಸ್ವಲ್ಪವೇ ಇಳಿದರೂ ಎಎಂಪಿ ಹಲವು ಪಟ್ಟು ಏರುತ್ತದೆ. ಆ ಎಎಂಪಿ ಹೋಗಿ ಕೂರುವುದು ಎಎಂಪಿಕೆಯ ಗಾಮಾ ಭಾಗದಲ್ಲಿ. ಆಗ ಆಲ್ಫಾ ಭಾಗದ 172ನೇ ಜಾಗದಲ್ಲಿ ಎಲ್‌ಕೆಬಿ1 ಎಂಬ ಇನ್ನೊಂದು ಕಿಣ್ವ ಅಂಟಿಸಿದ ಫಾಸ್ಫೇಟ್ ಕಳಚದೆ ಉಳಿಯುತ್ತದೆ, ಕಿಣ್ವ ಚುರುಕಾಗುತ್ತದೆ. ಇಷ್ಟು ಬರೆದ ಮೇಲೆ ಯಜಮಾನ ಯಾಕೆ ಬೇಕು, ಹೇಳಿ?

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಸಂಪಾದಕರ ಕೈಕೆಳಗೆ. ಬರೆದದ್ದನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ‘ನಿಯಂತ್ರಿಸುತ್ತದೆ’ ಎಂದು ಬಂದ ಕಡೆಯಲ್ಲೆಲ್ಲ ತಡೆದು, “ಏನು ಮಾಡಿ?” ಎಂದು ಕೇಳುತ್ತಿದ್ದರು. ನಾನು ಬಾಯಲ್ಲಿ ವಿವರಿಸಿದರೆ, “ಮತ್ತೆ ಅದನ್ನೇ ಬರೀಬಾರದಾ?” ಅನ್ನುತ್ತಿದ್ದರು. ಈಗಲೂ ಆ ಪದ ಕಂಡರೆ ನನ್ನ ಕೈ ಪೆನ್ಸಿಲ್ಲಿಗೆ ಹೋಗುತ್ತದೆ.

“ಒತ್ತಡದ ಸಮಯದಲ್ಲಿ ದೇಹವನ್ನು ಕಾಪಾಡುತ್ತದೆ.”

ಯಾವ ಒತ್ತಡ? ಆಮ್ಲಜನಕದ ಕೊರತೆಯೋ, ಗ್ಲೂಕೋಸ್ ಕೊರತೆಯೋ, ಸ್ನಾಯು ವಿಪರೀತ ದುಡಿದದ್ದೋ? ಒಂದನ್ನು ಹಿಡಿದು ಕೊನೆತನಕ ಹೋಗಿ. ನಾನಾಗಿದ್ದರೆ ಸಿ. ಎಲಿಗನ್ಸ್ ಹುಳುವನ್ನು ಹಿಡಿಯುತ್ತಿದ್ದೆ. ಆಹಾರ ಸಿಗದಿದ್ದಾಗ ಅದರ ಮರಿ ‘ಡಾವರ್’ ಎಂಬ ಸ್ಥಿತಿಗೆ ಹೋಗಿ, ಏನೂ ತಿನ್ನದೆ ತಿಂಗಳುಗಟ್ಟಲೆ ಬದುಕುತ್ತದೆ. ಎಎಂಪಿಕೆ ಇಲ್ಲದ ಮರಿ ಕೂಡಿಟ್ಟ ಕೊಬ್ಬನ್ನೆಲ್ಲ ಬೇಗ ಕರಗಿಸಿಕೊಂಡು ಸತ್ತುಹೋಗುತ್ತದೆ. ಗಮನಿಸಿದಿರಾ? ಕೊಬ್ಬು ಉರಿಸು ಎನ್ನುವ ಅದೇ ಕಿಣ್ವ ಇಲ್ಲಿ ಕೊಬ್ಬನ್ನು ಕಾಯುತ್ತಿದೆ. ನಿಮ್ಮ ಲೇಖನ ಬಿಡಿಸಬೇಕಾದ ಗಂಟು ಇದೇ.

ಆ ಪ್ಯಾರಾ ಒಂದನ್ನೇ ಹೊಸದಾಗಿ ಬರೆದು ಕಳಿಸಿ. ಉದ್ದವಾದರೆ ಆಗಲಿ, ಜಾಗ ಕೊಡುತ್ತೇನೆ.