ಓದುಗರ ಪ್ರಶ್ನೋತ್ತರ: ಮಾರ್ಕರ್ ಆಫ್ ಮಾಡಿದರೂ ದಾರಿ ಕಾಣಬೇಕು

ಪ್ರಶ್ನೆ: ರೋಲ್-ಪ್ಲೇಯಿಂಗ್ ಗೇಮ್ (ಆರ್‌ಪಿಜಿ, ಕತೆಯೊಳಗೆ ಒಂದು ಪಾತ್ರವಾಗಿ ಆಡುವ ವಿಡಿಯೋ ಗೇಮ್) ಅಂದರೆ ನನಗೆ ಪ್ರಾಣ. ಆದರೆ ಆಡಲು ಸಿಗುವುದು ರಾತ್ರಿ ಒಂದು ಗಂಟೆ ಅಷ್ಟೆ. ಊರಿಂದೂರಿಗೆ ಕುದುರೆ ಓಡಿಸುತ್ತ ಕೂತರೆ ಕತೆ ಮುಂದೆ ಸಾಗುವುದೇ ಇಲ್ಲ. ಹಾಗಾಗಿ ಎಲ್ಲಿಗೆ ಹೋಗುವುದಿದ್ದರೂ ಮ್ಯಾಪ್ ತೆರೆದು ಫಾಸ್ಟ್ ಟ್ರಾವೆಲ್ ಮಾಡುತ್ತೇನೆ, ಅಂದರೆ ದಾರಿ ಸವೆಸದೆ ಒಮ್ಮೆಲೇ ಆ ಜಾಗಕ್ಕೆ ಹೋಗಿಬಿಡುತ್ತೇನೆ. ‘ಹಾಗಾದರೆ ನೀನು ಆ ಲೋಕ ನೋಡೇ ಇಲ್ಲ’ ಎನ್ನುತ್ತಾನೆ ಗೆಳೆಯ. ಫಾಸ್ಟ್ ಟ್ರಾವೆಲ್ ಆಟವನ್ನು ಕೆಡಿಸುತ್ತದೆಯೇ?

ಉತ್ತರ: ಇಲ್ಲ. ಒಮ್ಮೆ ನಡೆದ ದಾರಿಯಲ್ಲೇ ಮತ್ತೆ ಮತ್ತೆ ನಡೆಸಿದರೆ ಆಟಕ್ಕೆ ಘನತೆ ಬರುವುದಿಲ್ಲ, ಬೇಸರ ಬರುತ್ತದೆ. ನಿಮ್ಮ ಗೆಳೆಯನ ಮಾತಿನಲ್ಲೂ ಹುರುಳಿದೆ, ಆದರೆ ಅವರು ಬೆರಳು ತೋರಿಸಬೇಕಾದ್ದು ನಿಮ್ಮತ್ತ ಅಲ್ಲ, ನಕ್ಷೆ ಮಾಡಿದವರತ್ತ. ನನ್ನ ಲೆಕ್ಕದಲ್ಲಿ ಪರೀಕ್ಷೆ ಒಂದೇ. ಮಿನಿಮ್ಯಾಪ್ (ಪರದೆಯ ಮೂಲೆಯ ಪುಟ್ಟ ನಕ್ಷೆ), ಮಾರ್ಕರ್ (ಹೋಗಬೇಕಾದ ಜಾಗ ತೋರಿಸುವ ಗುರುತು) ಎರಡನ್ನೂ ಆಫ್ ಮಾಡಿ, ಕಣ್ಣೆದುರಿನ ನೆಲವನ್ನಷ್ಟೇ ನೋಡಿಕೊಂಡು ಹೋಗಬೇಕಾದ ಜಾಗಕ್ಕೆ ತಲುಪಲು ಆಗುತ್ತದೆಯೇ? ಆಗುವುದಾದರೆ ಫಾಸ್ಟ್ ಟ್ರಾವೆಲ್ ಒಂದು ಅನುಕೂಲ. ಆಗದಿದ್ದರೆ ಅದು ಊರುಗೋಲು. ಆ ನೆಲ ಬರೀ ತೋರಿಕೆಗೆ ಹಾಸಿದ್ದು ಅಂತ ಅರ್ಥ.

2002ರ ‘ಮಾರೋವಿಂಡ್’ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದರಲ್ಲಿ ಕ್ವೆಸ್ಟ್‌ಗೆ, ಅಂದರೆ ಆಟ ಒಪ್ಪಿಸುವ ಕೆಲಸಕ್ಕೆ, ಮಾರ್ಕರ್ ಇಲ್ಲ. ಬಾಲ್ಮೋರಾ ಊರಿನಲ್ಲಿ ಒಬ್ಬ ನಿಮ್ಮನ್ನು ಆರ್ಕ್‌ಂಗ್‌ಥಾಂಡ್ ಎಂಬ ಪಾಳು ಕೋಟೆಗೆ ಕಳಿಸುತ್ತಾನೆ. ದಾರಿಯನ್ನು ಬಾಯಲ್ಲೇ ಹೇಳುತ್ತಾನೆ: ಊರಾಚೆ ಹೊಳೆ ದಾಟು, ಮೂನ್‌ಮಾತ್ ಕೋಟೆ ದಾಟಿ ಮುಂದೆ ಹೋಗು, ಕಣಿವೆಯ ಮೇಲೊಂದು ಹಳೇ ಸೇತುವೆ ಸಿಗುತ್ತದೆ, ಆಚೆ ದಡದಲ್ಲಿ ಪಾಳು. ಅಲ್ಲಿ ಹೋಗಿ ನೋಡಿದರೆ ಬಾಗಿಲು ಮುಚ್ಚಿರುತ್ತದೆ. ಪಕ್ಕದ ಕೊಳವೆಗೆ ಒಂದು ತಿರುಗಣೆ ಇದೆ, ತಿರುಗಿಸಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಈ ಹಾದಿಯಲ್ಲಿ ನೀವು ನೋಡುವುದು ಸೇತುವೆಯನ್ನು, ಬಾಣದ ಗುರುತನ್ನಲ್ಲ. ಮುಂದೆ ಎಂದಾದರೂ ಆ ಕಣಿವೆಗೆ ಬಂದರೆ ಎಲ್ಲಿದ್ದೀರಿ ಅಂತ ಯಾರನ್ನೂ ಕೇಳಬೇಕಿಲ್ಲ.

ಹಾಗಂತ ಅದರಲ್ಲಿ ಎಲ್ಲ ಕಡೆಗೂ ನಡೆದೇ ಹೋಗಬೇಕು ಅಂದುಕೊಳ್ಳಬೇಡಿ. ‘ಸಿಲ್ಟ್ ಸ್ಟ್ರೈಡರ್’ ಎಂಬ ದೈತ್ಯ ಹುಳುವಿನ ಬೆನ್ನೇರಿ ಊರಿಂದೂರಿಗೆ ಹೋಗಬಹುದು. ಕರಾವಳಿಯಲ್ಲಿ ದೋಣಿಗಳಿವೆ. ಮಂತ್ರವಾದಿಗಳ ಸಂಘದ ಒಂದು ಶಾಖೆಯಿಂದ ಇನ್ನೊಂದಕ್ಕೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಾರಬಹುದು. ಒಂದು ಜಾಗ ಗುರುತು ಮಾಡಿಟ್ಟುಕೊಂಡು ಎಲ್ಲಿಂದಲಾದರೂ ಅಲ್ಲಿಗೇ ಮರಳುವ ಮಂತ್ರವೂ ಇದೆ. ಆದರೆ ಹುಳು ಎಲ್ಲ ಊರಿಗೂ ಹೋಗುವುದಿಲ್ಲ. ಇಲ್ಲಿ ಹುಳು ಹತ್ತಿ, ಅಲ್ಲಿ ಇಳಿದು, ದೋಣಿ ಹಿಡಿದು, ಉಳಿದದ್ದು ನಡೆಯಬೇಕು. ಈ ಲೆಕ್ಕಾಚಾರವೇ ನನಗೆ ಆಟದ ಅರ್ಧ ಸುಖ. ಅನುಕೂಲ ಇದೆ, ಆದರೆ ಅದು ಆ ಲೋಕದೊಳಗೇ ಬದುಕಿದೆ. ಅದಕ್ಕೊಬ್ಬ ಸವಾರ ಇದ್ದಾನೆ, ಒಂದು ದರ ಇದೆ, ಒಂದು ನಿಲ್ದಾಣ ಇದೆ.

ಅದೇ ಸರಣಿಯಲ್ಲಿ ನಾಲ್ಕು ವರ್ಷದ ನಂತರ ಬಂದ ‘ಒಬ್ಲಿವಿಯನ್’ನಲ್ಲಿ ದೊಡ್ಡ ನಗರಗಳಿಗೆಲ್ಲ ಮೊದಲ ದಿನದಿಂದಲೇ ಮ್ಯಾಪ್ ಮೇಲೆ ಒತ್ತಿ ಹೋಗಬಹುದು, ದಿಕ್ಸೂಚಿಯ ಮೇಲೆ ಮಾರ್ಕರ್ ಕೂಡ ಇರುತ್ತದೆ. ಆಗ ಊರಿನ ಜನ ದಾರಿ ಹೇಳುವುದನ್ನೇ ಬಿಟ್ಟರು. ನನ್ನ ಸಂಕಟ ಇಲ್ಲಿದೆ. ಮಾರ್ಕರ್ ಇದೆ ಅಂತಾದ ಮೇಲೆ ಬರೆಯುವವರು ದಾರಿಯ ಮಾತು ಬರೆಯುವುದಿಲ್ಲ, ಗುಡ್ಡಕ್ಕೊಂದು ಗುರುತು ಕೊಡಬೇಕು ಅಂತ ಚಿತ್ರಕಾರರಿಗೂ ಅನಿಸುವುದಿಲ್ಲ. ಆಮೇಲೆ ಆಟಗಾರ ಮಾರ್ಕರ್ ಆಫ್ ಮಾಡಿದರೆ ಸುಮ್ಮನೆ ಕಳೆದುಹೋಗುತ್ತಾನೆ.

ನಡುದಾರಿ ಹಿಡಿದವರೂ ಇದ್ದಾರೆ. 2018ರ ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ನಲ್ಲಿ ಫಾಸ್ಟ್ ಟ್ರಾವೆಲ್ ಮಾಡಿದರೆ ನಕ್ಷೆಯ ಮೇಲೆ ಒಂದು ಪುಟ್ಟ ಆಕೃತಿ ನಡೆಯುತ್ತ ಹೋಗುತ್ತದೆ. ಹೊತ್ತು ಸರಿಯುತ್ತದೆ, ಹಸಿವಾಗುತ್ತದೆ, ಮಧ್ಯದಲ್ಲಿ ದರೋಡೆಕೋರರು ಅಡ್ಡಗಟ್ಟಲೂಬಹುದು. 2015ರ ‘ವಿಚರ್ 3’ರಲ್ಲಿ ದಾರಿಬದಿಯ ಕೈಕಂಬದ ಬಳಿ ನಿಂತರೆ ಮಾತ್ರ ಇನ್ನೊಂದು ಕೈಕಂಬಕ್ಕೆ ಹೋಗಲು ಸಾಧ್ಯ. ಚಿಕ್ಕ ನಿಯಮ, ಆದರೆ ಅಲ್ಲಿಯವರೆಗಾದರೂ ನಿಮ್ಮನ್ನು ರಸ್ತೆಯ ಮೇಲೆ ಇಡುತ್ತದೆ.

ನಿಮ್ಮ ಒಂದು ಗಂಟೆಗೆ ನಾನು ಹೇಳುವುದು ಇಷ್ಟು: ಹೊಸ ಜಾಗಕ್ಕೆ ಹೋಗುವಾಗ ನಡೆಯಿರಿ, ಬರುವಾಗ ಹಾರಿ ಬನ್ನಿ. ‘ವಿಚರ್ 3’ ಆಡುತ್ತಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಮಿನಿಮ್ಯಾಪ್ ತೆಗೆದುಬಿಡಿ. ದಾರಿ ತೋರಿಸುವ ಅದರ ಚುಕ್ಕೆಗೆರೆ ಕಣ್ಣ ಮುಂದಿದ್ದರೆ ಕುದುರೆಯ ಮೇಲೆ ಕೂತವರು ಪರದೆಯ ಮೂಲೆಯನ್ನಷ್ಟೇ ನೋಡುತ್ತಾರೆ. ಆಟದ ವೆಲೆನ್ ಎಂಬ ಸೀಮೆಯ ಜೌಗು ನೆಲವಾಗಲಿ, ಗಾಳಿಗೆ ತೂಗುವ ಮರಗಳಾಗಲಿ ಕಾಣುವುದಿಲ್ಲ.

ಪ್ರಶ್ನೆ: ನಾನು ಒಬ್ಬನೇ ಕೂತು ಒಂದು ಚಿಕ್ಕ ಆರ್‌ಪಿಜಿ ಮಾಡುತ್ತಿದ್ದೇನೆ. ನಕ್ಷೆ ಎಷ್ಟು ದೊಡ್ಡದಿದ್ದರೆ ಆಟಗಾರರಿಗೆ ಲೋಕ ವಿಶಾಲ ಅನಿಸುತ್ತದೆ?

ಉತ್ತರ: ಅಳತೆಯ ಹಿಂದೆ ಬೀಳಬೇಡಿ. 1996ರ ‘ಡ್ಯಾಗರ್‌ಫಾಲ್’ನ ನೆಲ ಲಕ್ಷಕ್ಕೂ ಹೆಚ್ಚು ಚದರ ಕಿಲೋಮೀಟರ್. ಬಹುಪಾಲು ಪ್ರೋಗ್ರಾಮ್ ತಾನೇ ಹುಟ್ಟಿಸಿದ್ದು. ಊರಿಂದೂರಿಗೆ ಯಾರೂ ನಡೆಯುವುದಿಲ್ಲ, ನಡೆದರೂ ನೋಡಲು ಹೆಚ್ಚೇನೂ ಇಲ್ಲ. ಇನ್ನೊಂದು ತುದಿಗೆ 2011ರ ‘ಡಾರ್ಕ್ ಸೋಲ್ಸ್’ ಇದೆ. ಅದರಲ್ಲಿ ನಕ್ಷೆಯೇ ಇಲ್ಲ, ಆಟದ ಅರ್ಧದವರೆಗೆ ಹಾರಿ ಹೋಗುವ ಸೌಲಭ್ಯವೂ ಇಲ್ಲ. ಗಂಟೆಗಟ್ಟಲೆ ಹೋರಾಡುತ್ತ ಮೇಲೇರಿ ಚರ್ಚ್ ತಲುಪುತ್ತೀರಿ. ಅಲ್ಲೊಂದು ಲಿಫ್ಟ್. ಹತ್ತಿದರೆ ಅದು ಕೆಳಗಿಳಿದು, ನೀವು ಹೊರಟಿದ್ದ ಫೈರ್‌ಲಿಂಕ್ ಶ್ರೈನ್‌ಗೇ ತಂದು ಬಿಡುತ್ತದೆ. ಇಷ್ಟು ಹೊತ್ತು ಅದರ ನೆತ್ತಿಯ ಮೇಲೇ ಸುತ್ತುತ್ತಿದ್ದೆ ಅಂತ ಆಗ ತಿಳಿಯುತ್ತದೆ. ಒಬ್ಬರೇ ಮಾಡುವ ಆಟಕ್ಕೆ ಹೇಳಿ ಮಾಡಿಸಿದ ಉಪಾಯ ಇದು: ಜಾಗ ಕಡಿಮೆ ಇರಲಿ, ಅದು ತನ್ನ ಮೇಲೆ ತಾನೇ ಮಡಚಿಕೊಳ್ಳಲಿ.

ಬಯಲು ಬೇಕೇ ಬೇಕೆಂದರೆ 2017ರ ‘ಝೆಲ್ಡಾ: ಬ್ರೆತ್ ಆಫ್ ದ ವೈಲ್ಡ್’ ನೋಡಿ ಕಲಿಯಿರಿ. ಅದನ್ನು ಮಾಡಿದವರು ನೆಲವನ್ನು ತ್ರಿಕೋನಗಳಾಗಿ ಕಟ್ಟಿದ್ದನ್ನು ತಾವೇ ವಿವರಿಸಿದ್ದಾರೆ. ಎದುರಿಗೊಂದು ಗುಡ್ಡ ಇದ್ದರೆ ಹತ್ತಬೇಕೋ ಬಳಸಿ ಹೋಗಬೇಕೋ ಎಂಬ ಆಯ್ಕೆ ಹುಟ್ಟುತ್ತದೆ. ಗುಡ್ಡದ ಹಿಂದಿರುವುದು ನಡೆದಂತೆಲ್ಲ ಇಣುಕುತ್ತದೆ. ದೂರದಿಂದ ಕರೆಯುವುದು ದೊಡ್ಡ ತ್ರಿಕೋನ, ಹತ್ತಿರದಲ್ಲಿ ಮರೆ ಮಾಡುವುದು ನಡುಗಾತ್ರದ್ದು. ಗೋಪುರ ಏರಿದರೆ ನಕ್ಷೆಯಲ್ಲಿ ಬರೀ ನೆಲದ ಏರಿಳಿತ ತೆರೆದುಕೊಳ್ಳುತ್ತದೆ. ಎಲ್ಲಿ ಏನಿದೆ ಅಂತ ಕಣ್ಣಾರೆ ನೋಡಿ ಗುರುತು ಹಾಕಬೇಕಾದವರು ನೀವೇ.

ವಾಹನಗಳನ್ನು ಒಂದೊಂದಾಗಿ ಕೊಡಿ. 1987ರ ಮೊದಲ ‘ಫೈನಲ್ ಫ್ಯಾಂಟಸಿ’ಯನ್ನು ಇವತ್ತಿಗೂ ನಾನು ಈ ಕಾರಣಕ್ಕೆ ಮೆಚ್ಚುತ್ತೇನೆ. ಮೊದಲು ರಾಜ ಸೇತುವೆ ಕಟ್ಟಿಸುತ್ತಾನೆ, ಆಮೇಲೆ ಹಡಗು, ಆಮೇಲೆ ನದಿಗೆ ದೋಣಿ, ಕೊನೆಗೆ ಹಾರುವ ಹಡಗು. ಅದು ಕೂಡ ಹುಲ್ಲುಗಾವಲಲ್ಲಿ ಮಾತ್ರ ಇಳಿಯುತ್ತದೆ. ಕಾಡಿನ ನಡುವಿನ ಊರಿಗೆ ಹೋಗಲು ಎಲ್ಲೋ ಇಳಿದು ನಡೆಯಲೇಬೇಕು.

ಪ್ರಶ್ನೆ: ನಕ್ಷೆಯನ್ನು ನಾವೇ ಬಿಡಿಸುವ ಆಟ ಇದೆಯೇ?

ಉತ್ತರ: ಇದೆ. 2007ರಲ್ಲಿ ನಿಂಟೆಂಡೊ ಡಿಎಸ್ ಎಂಬ ಎರಡು ಪರದೆಯ ಕೈಯಾಟದ ಯಂತ್ರಕ್ಕೆ ಬಂದ ‘ಎಟ್ರಿಯನ್ ಒಡಿಸ್ಸಿ’. ಮೇಲಿನ ಪರದೆಯಲ್ಲಿ ಚಕ್ರವ್ಯೂಹದೊಳಗೆ ನಡೆಯುತ್ತೀರಿ, ಕೆಳಗಿನ ಪರದೆಯಲ್ಲಿ ಗೋಡೆ, ಬಾಗಿಲು, ಮೆಟ್ಟಿಲನ್ನು ಪೆನ್ನಿನಂಥ ಕಡ್ಡಿಯಿಂದ ನೀವೇ ಬಿಡಿಸುತ್ತೀರಿ. ಗೆರೆ ತಪ್ಪಿದರೆ ಆಟ ತಿದ್ದುವುದಿಲ್ಲ. ಅದು ಬಯಲಿನ ಪ್ರಯಾಣವಲ್ಲ, ಮಾಳಿಗೆ ಮಾಳಿಗೆಯಾಗಿ ಇಳಿಯುವ ಚಕ್ರವ್ಯೂಹ. ಆದರೂ ಧಾರಾಳವಾಗಿ ಆಡಿ.